ಕಾಲು ನಡೀವಾಗಲೇ ಹೋಗಿ ಬರೋಣ: ಎರಡು ಲಕ್ಷದಲ್ಲಿ ಐದು ಜನರ ಮಲೇಷ್ಯಾ

ಹೋದ ವರ್ಷ ಸಂಕ್ರಾಂತಿಗೆ ಅನುಗೊಂಡನಹಳ್ಳಿಗೆ ಹೋಗಿದ್ದೆ. ಎಳ್ಳು ಬೀರೋಕೆ ನನ್ನ ಜೊತೆ ಹೊರಟ ಅಮ್ಮ ನಾಲ್ಕು ಮನೆ ತಿರುಗಿ ಐದನೇ ಮನೆ ಜಗುಲಿ ಮೇಲೆ ಕೂತುಬಿಟ್ಟಳು. ‘ಮಂಡಿ ಬರ್ತಿಲ್ಲ ಕಣೇ, ಉಳಿದ ಮನೆಗೆ ನೀನೇ ಕೊಟ್ಟು ಬಾ’ ಅಂದಳು. ಇನ್ನೊಂದು ವರ್ಷದೊಳಗೆ ಮಂಡಿ ಆಪರೇಷನ್ ಮಾಡಿಸಬೇಕು ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಆ ರಾತ್ರಿ ಊಟಕ್ಕೆ ಕೂತಾಗ ನಾನು ಆಪರೇಷನ್ ಮಾತು ತೆಗೆದರೆ ಅಮ್ಮ ಬೇರೆಯದೇ ಮಾತು ತೆಗೆದಳು.

‘ಆಪರೇಷನ್ ಆಮೇಲೆ ನೋಡ್ಕೊಳ್ಳೋಣ. ಕಾಲು ನಡೀವಾಗಲೇ ಒಂದ್ಸಲ ವಿಮಾನದಲ್ಲಿ ಎಲ್ಲಿಗಾದ್ರೂ ಹೋಗಿ ಬರೋಣ.’

ಈ ಆಸೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. 2008ರ ಮೇ ತಿಂಗಳವರೆಗೆ ಬೆಂಗಳೂರಿನ ವಿಮಾನಗಳೆಲ್ಲ ಎಚ್‌ಎಎಲ್ ನಿಲ್ದಾಣದಲ್ಲೇ ಇಳಿಯುತ್ತಿದ್ದವು. ನಮ್ಮೂರು ಆ ರನ್‌ವೇಗೆ ನೇರ ಪೂರ್ವಕ್ಕಿದೆ. ಸೇವಂತಿಗೆ ಬಿಡಿಸುತ್ತಾ ತಲೆ ಎತ್ತಿದರೆ ವಿಮಾನ ಕಾಣುತ್ತಿತ್ತು. ಇದು ದುಬೈದು, ಅದು ಸಿಂಗಾಪುರದ್ದು ಅಂತ ಅಪ್ಪ ಬಾಯಿಗೆ ಬಂದ ಹಾಗೆ ಹೇಳೋರು, ನಾನೂ ಅಕ್ಕನೂ ನಂಬೋವು. ದೇವನಹಳ್ಳಿ ನಿಲ್ದಾಣ ಶುರುವಾದ ಮೇಲೆ ನಮ್ಮ ಹೊಲದ ಮೇಲಿನ ಆಕಾಶ ಖಾಲಿಯಾಯಿತು. ಆಗ ನನಗೆ ಹದಿಮೂರು. ಈಗ ನನಗೆ ಮೂವತ್ತು, ವೈಟ್‌ಫೀಲ್ಡ್‌ನಲ್ಲಿ ಸಾಫ್ಟ್‌ವೇರ್ ಕೆಲಸ, ಆಫೀಸ್ ಖರ್ಚಲ್ಲಿ ಎರಡು ಸಲ ಹೊರದೇಶಕ್ಕೆ ಹೋಗಿ ಬಂದಿದ್ದೇನೆ. ಅಮ್ಮ ಒಂದು ಸಲವೂ ವಿಮಾನದ ಮೆಟ್ಟಿಲು ಹತ್ತಿರಲಿಲ್ಲ.

ಹೊರಡೋರು ಐದು ಜನ: ನಾನು, ನನ್ನ ಗಂಡ, ಅಪ್ಪ, ಅಮ್ಮ, ಐದನೇ ಕ್ಲಾಸಿನ ಅಕ್ಕನ ಮಗ ಪುಟ್ಟ. ಅಕ್ಕ ನರ್ಸ್, ರಜೆ ಸಿಗಲಿಲ್ಲ. ಪುಟ್ಟನನ್ನು ಬಿಟ್ಟು ಹೋದರೆ ಅಜ್ಜಿ ಬರೋದಿಲ್ಲ. ಅಲ್ಲಿಗೆ ಪ್ರವಾಸ ಬೇಸಿಗೆ ರಜೆಯಲ್ಲೇ ಆಗಬೇಕು ಅಂತ ತೀರ್ಮಾನವಾಯಿತು. ಬೇಸಿಗೆ ರಜೆ ಅಂದರೆ ಟಿಕೆಟ್ ಬೆಲೆ ಹುಚ್ಚೆದ್ದು ಕುಣಿಯೋ ಕಾಲ. ನಮ್ಮ ಮನೆ ಸಾಲದ ಕಂತು ಕಟ್ಟಿ, ಅಮ್ಮನ ಆಪರೇಷನ್‌ಗೆ ಎತ್ತಿಟ್ಟಿದ್ದನ್ನು ಮುಟ್ಟದೆ ಉಳಿಯೋದು ಎರಡು ಲಕ್ಷ. ಅದರ ಮೇಲೆ ಒಂದು ರೂಪಾಯಿನೂ ಇಲ್ಲ ಅಂತ ಗಂಡ ಹೆಂಡತಿ ಮಾತಾಡಿಕೊಂಡೆವು.

ಎಕ್ಸೆಲ್ ಶೀಟ್ ಮತ್ತು ಅಪ್ಪ

ಇಂಜಿನಿಯರ್ ಅಲ್ಲವಾ, ಮೊದಲು ಮಾಡಿದ್ದು ಎಕ್ಸೆಲ್ ಶೀಟ್. ಒಂದು ಸಾಲಿಗೆ ಒಂದು ದೇಶ. ಟಿಕೆಟ್, ವೀಸಾ, ರೂಮು, ಊಟ, ಓಡಾಟ, ಕೊನೆಗೆ ‘ಅಮ್ಮನ ಮಂಡಿ’ ಅಂತ ಒಂದು ಕಾಲಂ. ನಿಜವಾಗಲೂ ಹಾಗೇ ಹೆಸರಿಟ್ಟಿದ್ದೆ.

ಭೂತಾನ್ ಮೊದಲು ಹೋಯಿತು. ಅಲ್ಲಿ ಭಾರತೀಯರು ಒಂದು ರಾತ್ರಿಗೆ ತಲಾ 1,200 ರೂಪಾಯಿ ಸುಸ್ಥಿರ ಅಭಿವೃದ್ಧಿ ಶುಲ್ಕ ಕಟ್ಟಬೇಕು, ಪುಟ್ಟನ ವಯಸ್ಸಿನವರಿಗೆ ಅರ್ಧ. ನಮಗೆ ರಾತ್ರಿಗೆ 5,400. ಐದು ರಾತ್ರಿಗೆ 27,000 ರೂಪಾಯಿ ಹೋಟೆಲ್ ಬಾಗಿಲು ತೆಗೆಯೋ ಮೊದಲೇ ಖಾಲಿ. ‘ಮಲ್ಕೊಳ್ಳಾಕೂ ಕಂದಾಯನಾ?’ ಅಂದರು ಅಪ್ಪ. ನೇಪಾಳಕ್ಕೆ ಪಾಸ್‌ಪೋರ್ಟೇ ಬೇಡ, ದೊಡ್ಡವರಿಗೆ ವೋಟರ್ ಐಡಿ ಸಾಕು. ನಮ್ಮ ಒಂದು ರೂಪಾಯಿಗೆ ಅಲ್ಲಿ 1.60, ಆ ದರ 1993ರಿಂದ ಬದಲಾಗಿಲ್ಲ. ಆದರೆ ನಮ್ಮ ತಾರೀಖಿಗೆ ಬೆಂಗಳೂರು–ಕಠ್ಮಂಡು ಟಿಕೆಟ್ ನೋಡಿ ಸುಮ್ಮನಾದೆ. ಶ್ರೀಲಂಕಾ ನನಗೆ ಇಷ್ಟವಿತ್ತು. ಒಂದೂವರೆ ಗಂಟೆ ಹಾರಾಟ, 2024ರ ಫೆಬ್ರವರಿಯಿಂದ ಅಲ್ಲಿ ನಮ್ಮ ಯುಪಿಐ ಕೂಡ ನಡೆಯುತ್ತೆ. ಆದರೆ ಊರಿಂದ ಊರಿಗೆ ಬೆಟ್ಟದ ತಿರುವಿನ ರಸ್ತೆ, ಅಮ್ಮನಿಗೆ ಮುಳಬಾಗಿಲು ದಾಟಿದರೇ ವಾಂತಿ. ವಿಯೆಟ್ನಾಂಗೆ ತಲಾ 25 ಡಾಲರ್ ಇ-ವೀಸಾ. ಥಾಯ್ಲೆಂಡಿಗೆ ವೀಸಾ ಬೇಡ, ಆದರೆ ಅಲ್ಲಿ ಸೊಪ್ಪಿನ ಪಲ್ಯಕ್ಕೂ ಮೀನಿನ ಸಾಸ್ ಹಾಕುತ್ತಾರೆ ಅಂತ ಯಾರೋ ಹೇಳಿದ್ದು ಅಮ್ಮನ ಕಿವಿಗೆ ಬಿತ್ತು. ಅಲ್ಲಿಗೆ ಆ ಸಾಲೂ ಮುಗಿಯಿತು.

ಉಳಿದದ್ದು ಮಲೇಷ್ಯಾ. 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನ ವೀಸಾ ಇಲ್ಲದೆ ಪ್ರವೇಶ. ಬೆಂಗಳೂರಿಂದ ನೇರ ವಿಮಾನ, ನಾಲ್ಕು ಗಂಟೆ ಚಿಲ್ಲರೆ. ಪೈಪೋಟಿಗೆ ಮೂರು ನಾಲ್ಕು ಕಂಪನಿಗಳಿರೋದರಿಂದ ದರ ಒಂದು ಮಟ್ಟ ದಾಟೋದಿಲ್ಲ. ಎಲ್ಲಕ್ಕಿಂತ ಮುಖ್ಯ, ಅಲ್ಲಿ ತಮಿಳರಿದ್ದಾರೆ. ನಮ್ಮ ಕಡೆಯವರಿಗೆ ಕನ್ನಡದ ಜೊತೆ ತೆಲುಗು, ತಮಿಳು ಹೊಸದಲ್ಲ. ಮಾಲೂರು, ಹೊಸೂರು ಸಂತೆ ತಿರುಗಿದ ಅಮ್ಮ ತಮಿಳಲ್ಲಿ ಚೌಕಾಸಿ ಮಾಡುತ್ತಾಳೆ. ಅನ್ನ ಸಾರು ಸಿಗುವ, ಮಾತಾಡಲು ಜನ ಸಿಗುವ ದೇಶ ಅಂದ ಮೇಲೆ ಅವಳ ಮುಖ ಅರಳಿತು.

ಅಪ್ಪನ ಮುಖ ಮಾತ್ರ ಅರಳಲಿಲ್ಲ. ‘ನೀವು ಹೋಗ್ಬನ್ನಿ, ತೋಟ ಯಾರು ನೋಡ್ಕೊಳ್ತಾರೆ’ ಅಂದರು. ತೋಟ ನೋಡೋಕೆ ಚಿಕ್ಕಪ್ಪ ಇದ್ದಾರೆ. ಎರಡು ದಿನ ಬಿಟ್ಟು ನಿಜವಾದ ಕಾರಣ ಹೊರಬಂತು. ‘ಅಲ್ಲ ಕಣಮ್ಮಾ, ಕೊಟ್ಟ ಹೆಣ್ಣುಮಗಳ ದುಡ್ಡಲ್ಲಿ ದೇಶ ಸುತ್ತೋದು ಹೆಂಗೆ? ಅಳಿಯಂದಿರ ಮನೆಯೋರು ಏನು ಅಂದ್ಕೋತಾರೆ?’

ಸಂಬಳ ನನ್ನದು, ಅತ್ತೆ ಮಾವ ಒಂದು ಮಾತೂ ಆಡಿಲ್ಲ, ನನ್ನ ಗಂಡನೇ ಟಿಕೆಟ್ ಹುಡುಕುತ್ತಿದ್ದಾನೆ ಅಂತ ಎಷ್ಟು ಹೇಳಿದರೂ ಅಷ್ಟೇ. ನನಗೆ ಕೋಪ ಬಂತು, ಅತ್ತೂ ಬಿಟ್ಟೆ. ಗಂಡು ಮಗ ಇದ್ದಿದ್ದರೆ ಈ ಪ್ರಶ್ನೆ ಬರುತ್ತಿತ್ತಾ? ಬಾಯಿಬಿಟ್ಟು ಕೇಳಲಿಲ್ಲ. ಮುಂದಿನ ಭಾನುವಾರ ಅಪ್ಪ ಸೇವಂತಿಗೆ ಮಾರಿದ ದುಡ್ಡಿನಿಂದ 40,000 ತಂದು ನನ್ನ ಗಂಡನ ಮುಂದೆ ಟೇಬಲ್ ಮೇಲಿಟ್ಟರು. ‘ನಮ್ಮಿಬ್ಬರ ಟಿಕೆಟ್ ಇದ್ರಲ್ಲಿ ತಗೊಳ್ಳಿ. ಅದಾದ್ರೆ ಬರ್ತೀನಿ.’ ನಾನು ಬೇಡ ಅನ್ನೋಕೆ ಹೋದೆ, ಗಂಡ ಮೇಜಿನ ಕೆಳಗೆ ಕಾಲು ತುಳಿದ. ತಗೊಂಡೆವು.

ಪಾಸ್‌ಪೋರ್ಟ್ ಮೊದಲು, ಟಿಕೆಟ್ ಆಮೇಲೆ

ಅಪ್ಪ ಅಮ್ಮನನ್ನು ಮೊದಲ ಸಲ ಕರೆದುಕೊಂಡು ಹೋಗೋರಿಗೆ ಇದೊಂದು ಮಾತು. ಆಫರ್ ನೋಡಿ ಟಿಕೆಟ್ ಮೊದಲು ಮಾಡಬೇಡಿ. ಅಪ್ಪನ ಆಧಾರ್‌ನಲ್ಲಿ ಇನಿಷಿಯಲ್ ಕೊನೆಗಿತ್ತು, ವೋಟರ್ ಐಡಿಯಲ್ಲಿ ಮುಂದಿತ್ತು, ಪ್ಯಾನ್‌ನಲ್ಲಿ ತಾತನ ಪೂರ್ತಿ ಹೆಸರಿತ್ತು. ಮೂರು ಕಾರ್ಡಿನಲ್ಲಿ ಮೂರು ಮನುಷ್ಯರು. ಪಾಸ್‌ಪೋರ್ಟಲ್ಲಿ ಇರೋ ಹೆಸರೇ ಟಿಕೆಟ್‌ನಲ್ಲೂ ಇರಬೇಕು. ಕಡಿಮೆ ದರದ ವಿಮಾನಗಳಲ್ಲಿ ಹೆಸರು ತಿದ್ದಿಸೋಕೆ ಹೋದರೆ ಟಿಕೆಟ್ಟಿನಷ್ಟೇ ಕೀಳುತ್ತಾರೆ. ಆಧಾರ್ ತಿದ್ದಿಸಿ, ಉಳಿದದ್ದನ್ನು ಅದಕ್ಕೆ ಹೊಂದಿಸಿ, ಆಮೇಲೆ ಅರ್ಜಿ ಹಾಕಿದೆವು.

ಪಾಸ್‌ಪೋರ್ಟ್ ಶುಲ್ಕ 1,500. ಅರವತ್ತು ದಾಟಿದವರಿಗೆ ಹೊಸ ಪಾಸ್‌ಪೋರ್ಟಿಗೆ ಹತ್ತು ಪರ್ಸೆಂಟ್ ಕಡಿತ ಇದೆ, ಹಾಗಾಗಿ ಅಪ್ಪ ಅಮ್ಮನಿಗೆ 1,350. ಪುಟ್ಟನಿಗೆ 1,000. ಅಪ್ಪ ಓದಿದ್ದು ಏಳನೇ ಕ್ಲಾಸು. ಹತ್ತನೇ ಕ್ಲಾಸ್ ಪಾಸಾಗದವರ ಪಾಸ್‌ಪೋರ್ಟಿಗೆ ‘ಇಸಿಆರ್’ ಅಂತ ಬೀಳುತ್ತೆ, ಮಲೇಷ್ಯಾ ಆ ಪಟ್ಟಿಯಲ್ಲಿದೆ ಅಂತ ಆಫೀಸಲ್ಲಿ ಒಬ್ಬರು ಹೆದರಿಸಿದರು. ಓದಿ ನೋಡಿದೆ. ಆ ತಪಾಸಣೆ ಕೆಲಸಕ್ಕೆ ಹೋಗುವವರಿಗೆ, ಪ್ರವಾಸಕ್ಕಲ್ಲ. ಐವತ್ತು ದಾಟಿದವರಿಗೆ ಅದು ಅನ್ವಯವೇ ಇಲ್ಲ.

ಫೆಬ್ರವರಿಯಲ್ಲಿ ಟಿಕೆಟ್. ಏಪ್ರಿಲ್ ಎರಡನೇ ವಾರ, ಅಂದರೆ ರಜೆ ಶುರುವಾದ ಕೂಡಲೇ ಹೊರಟರೆ ತಲಾ 29,000. ಅದೇ ವಿಮಾನ ಮೇ 20ರ ಮಂಗಳವಾರ ಹೋಗಿ 26ರ ಸೋಮವಾರ ಬಂದರೆ 20,000. ರಜೆ ಮುಗಿಯೋ ವಾರ ಯಾರಿಗೂ ಬೇಡ, ಎಲ್ಲರೂ ಯೂನಿಫಾರಂ, ನೋಟ್‌ಬುಕ್ ತಗೊಳ್ಳೋ ಗಡಿಬಿಡಿಯಲ್ಲಿರುತ್ತಾರೆ. ಇನ್ನೊಂದು ಉಪಾಯ. ವಿಮಾನದ ಸೀಟುಗಳನ್ನು ಬೇರೆ ಬೇರೆ ದರದ ಗುಂಪುಗಳಾಗಿ ಮಾರುತ್ತಾರೆ. ಅಗ್ಗದ ಗುಂಪಲ್ಲಿ ಮೂರೇ ಸೀಟು ಉಳಿದಿದ್ದು ನೀವು ಐದು ಕೇಳಿದರೆ, ಐದನ್ನೂ ಮೇಲಿನ ದರಕ್ಕೆ ತೋರಿಸುತ್ತೆ. ಮೂರು ಮತ್ತು ಎರಡಾಗಿ ಒಡೆದು ಹುಡುಕಿದಾಗ ಸರಾಸರಿ 18,600ಕ್ಕೆ ಬಂತು. ಐದು ಜನಕ್ಕೆ 93,000. ಇನ್‌ಕಾಗ್ನಿಟೋದಲ್ಲಿ ಹುಡುಕಿದರೆ ಅಗ್ಗ ಅಂತಾರಲ್ಲ, ಎರಡು ಫೋನು ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡು ನೋಡಿದೆ. ಒಂದು ರೂಪಾಯಿ ವ್ಯತ್ಯಾಸವಿಲ್ಲ.

ಒಬ್ಬ ಏಜೆಂಟ್ ಹತ್ತಿರ ಪ್ಯಾಕೇಜ್ ದರವನ್ನೂ ಕೇಳಿದ್ದೆವು. ತಲಾ 58,000. ಅದರ ಮೇಲೆ ಐದು ಪರ್ಸೆಂಟ್ ಜಿಎಸ್‌ಟಿ, ಮತ್ತೆ ಐದು ಪರ್ಸೆಂಟ್ ಟಿಸಿಎಸ್. ಒಟ್ಟು ಮೂರು ಲಕ್ಷದ ಇಪ್ಪತ್ತು ಸಾವಿರದ ಹತ್ತಿರ. ಟಿಸಿಎಸ್ ಮುಂದೆ ರಿಟರ್ನ್ಸ್ ಹಾಕುವಾಗ ವಾಪಸ್ ಲೆಕ್ಕಕ್ಕೆ ಬರುತ್ತೆ ನಿಜ, ಆದರೆ ಅಲ್ಲಿಯವರೆಗೆ ಕೈಯಿಂದ ಹೋಗೋದು ನಮ್ಮ ದುಡ್ಡೇ ತಾನೆ.

ಮಾರ್ಚ್‌ನಲ್ಲಿ ನನ್ನ ಟೀಮಿನ ಇಬ್ಬರಿಗೆ ಕೆಲಸ ಹೋಯಿತು. ಮೂರು ವಾರ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಟಿಕೆಟ್ ರದ್ದು ಮಾಡಿದರೆ ತೆರಿಗೆ ಚಿಲ್ಲರೆ ಬಿಟ್ಟು ಏನೂ ವಾಪಸ್ ಬರಲ್ಲ. ಅಗ್ಗದ ಟಿಕೆಟ್ ಯಾಕೆ ಅಗ್ಗ ಅಂತ ಆಗ ಅರ್ಥವಾಯಿತು. ಊರಿಗೆ ಫೋನ್ ಮಾಡಿದಾಗ ಹೇಳಲಿಲ್ಲ. ಹೇಳಿದ್ದರೆ ಅಪ್ಪ ಆ ದಿನವೇ ಸೂಟ್‌ಕೇಸನ್ನು ಅಟ್ಟಕ್ಕೆ ಹಾಕುತ್ತಿದ್ದರು.

ಇನ್ನೊಂದು ಪೆಟ್ಟು ಹೊರಡೋಕೆ ಎರಡು ದಿನ ಇರುವಾಗ. ಮಲೇಷ್ಯಾಕ್ಕೆ ಹೋಗೋರು ತಲುಪುವ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು. ಅದು ಪೂರ್ತಿ ಉಚಿತ. ನನ್ನ ಗಂಡ ಸರ್ಚ್‌ನಲ್ಲಿ ಮೊದಲು ಬಂದ ಲಿಂಕ್ ಒತ್ತಿ, ಸರ್ಕಾರದ್ದೇ ಅನ್ನೋ ಹಾಗಿದ್ದ ಸೈಟಿನಲ್ಲಿ ಐದು ಜನರಿಗೆ 4,000 ರೂಪಾಯಿ ಕಟ್ಟಿಬಿಟ್ಟ. ಅವನೂ ಇಂಜಿನಿಯರ್. ಆ ವಿಷಯ ಎತ್ತಿದರೆ ಇವತ್ತಿಗೂ ಎದ್ದು ಹೋಗುತ್ತಾನೆ. ದುಡ್ಡು ಕೇಳಿದ ಕೂಡಲೇ ಅದು ಅಸಲಿ ಸೈಟಲ್ಲ ಅಂತ ತಿಳ್ಕೊಳ್ಳಿ.

ಮುದ್ದೆ ಕೋಲು

ಕಡಿಮೆ ದರದ ಟಿಕೆಟ್ಟಿಗೆ ಕೈಚೀಲ ಏಳು ಕೆಜಿ ಅಷ್ಟೇ. ದೊಡ್ಡ ಚೀಲಕ್ಕೆ ಬೇರೆ ದುಡ್ಡು. ಐದು ಜನರ ಸಾಮಾನು ಎರಡೇ ಚೀಲದಲ್ಲಿ ತುಂಬಿ, ಹೋಗಿ ಬರೋಕೆ 11,000 ಕಟ್ಟಿದೆವು. ಅದರಲ್ಲಿ ಮೂರು ಕೆಜಿ ರಾಗಿ ಹಿಟ್ಟು, ಚಟ್ನಿಪುಡಿ, ಸಾರಿನ ಪುಡಿ. ಬಟ್ಟೆ ನಡುವೆ ಸುತ್ತಿಟ್ಟಿದ್ದ ಮುದ್ದೆ ಕೋಲು ನನಗೆ ಗೊತ್ತಾಗಿದ್ದೇ ಕೌಲಾಲಂಪುರದಲ್ಲಿ ಚೀಲ ಬಿಚ್ಚಿದಾಗ.

ಆ ವಾರ ಬೆಂಗಳೂರಲ್ಲಿ ಜೋರು ಮಳೆ. ಹೊಸಕೋಟೆ, ಸೂಲಿಬೆಲೆ ಮೇಲೆ ದೇವನಹಳ್ಳಿಗೆ ಹೋಗಿದ್ದರಿಂದ ಊರೊಳಗಿನ ನೀರಿಗೆ ಸಿಕ್ಕಲಿಲ್ಲ. ಟರ್ಮಿನಲ್ 2ರ ಬಿದಿರಿನ ಚಾವಣಿ ನೋಡುತ್ತಾ ಅಪ್ಪ ‘ಇಷ್ಟು ಬಿದಿರು ಎಲ್ಲಿಂದ ತಂದ್ರೋ’ ಅಂತ ಕತ್ತು ನೋಯುವವರೆಗೂ ನಿಂತಿದ್ದರು. ಇಮಿಗ್ರೇಷನ್‌ನಲ್ಲಿ ಪುಟ್ಟನ ತಂದೆ ತಾಯಿ ಎಲ್ಲಿ ಅಂತ ಕೇಳಿದರು. ಅಕ್ಕ ಭಾವ ಸಹಿ ಮಾಡಿ ನೋಟರಿ ಮಾಡಿಸಿದ್ದ ಒಪ್ಪಿಗೆ ಪತ್ರ ತೋರಿಸಿದೆ. ಅಕ್ಕ ತಂಗಿ ಮಕ್ಕಳನ್ನು ಕರೆದೊಯ್ಯುವವರು ಇದನ್ನು ಮರೆಯಬೇಡಿ. ಅಮ್ಮನಿಗೆ ವೀಲ್‌ಚೇರ್ ಬೇಕು ಅಂತ ಬುಕ್ ಮಾಡುವಾಗಲೇ ಹೇಳಿದ್ದೆ. ‘ನನಗೇನಾಗಿದೆ, ನಾನೇನು ರೋಗಿನಾ’ ಅಂತ ಮುನಿಸಿಕೊಂಡವಳು, ಎಲ್ಲ ಸಾಲು ತಪ್ಪಿಸಿ ಮುಂದೆ ಮುಂದೆ ಕರೆದುಕೊಂಡು ಹೋಗಿದ್ದು ನೋಡಿ ಹಿಂದೆ ತಿರುಗಿ ನಮಗೇ ಕೈ ಬೀಸಿದಳು.

ಹೋಟೆಲ್‌ನಲ್ಲಿ ಎರಡು ರೂಮಿನ ಬದಲು ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟ್ ಹಿಡಿದಿದ್ದೆವು. ರಾತ್ರಿಗೆ 4,800. ವಿದೇಶಿಯರಿಗೆ ದಿನಕ್ಕೆ ಹತ್ತು ರಿಂಗಿಟ್ ಪ್ರವಾಸಿ ತೆರಿಗೆ ಬೇರೆ. ಆಗ ಒಂದು ರಿಂಗಿಟ್ಟಿಗೆ ಸುಮಾರು 20 ರೂಪಾಯಿ. ಅಡುಗೆ ಮನೆ ಇದ್ದದ್ದೇ ನಮ್ಮನ್ನು ಉಳಿಸಿದ್ದು. ಬೆಳಗ್ಗೆ ಉಪ್ಪಿಟ್ಟೋ ಚಿತ್ರಾನ್ನವೋ ತಿಂದು ಹೊರಟು, ಮಧ್ಯಾಹ್ನ ಬ್ರಿಕ್‌ಫೀಲ್ಡ್ಸ್‌ನ ಲಿಟ್ಲ್ ಇಂಡಿಯಾದಲ್ಲಿ ಬಾಳೆಎಲೆ ಊಟ. ರಾತ್ರಿ ಇಂಡಕ್ಷನ್ ಒಲೆ ಮೇಲೆ ಅಮ್ಮನ ಮುದ್ದೆ, ಅಲ್ಲಿನ ಕಂಕುಂಗ್ ಸೊಪ್ಪಿನ ಸಾರು. ಹದಿನಾಲ್ಕನೇ ಮಹಡಿಯಲ್ಲಿ ಕೂತು ಅಪ್ಪ ಮುದ್ದೆ ನುಂಗಿದ ಫೋಟೊ ಈಗ ನಮ್ಮ ಫ್ಯಾಮಿಲಿ ಗ್ರೂಪಿನ ಡಿಪಿ. ಆರು ದಿನಕ್ಕೆ ಐದು ಜನರ ಊಟ 15,500 ದಾಟಲಿಲ್ಲ.

ಪೆಟ್ರೋನಾಸ್ ಗೋಪುರದ ಮೇಲೆ ಹತ್ತಲಿಲ್ಲ. ಐವರ ಟಿಕೆಟ್ ಬೆಲೆ ಕೇಳಿ ಅಪ್ಪ ‘ಕೆಳಗಿಂದಲೇ ಪೂರ್ತಿ ಕಾಣ್ತದಲ್ಲ, ಮೇಲೆ ಹೋದ್ರೆ ಅದೇ ಕಾಣಲ್ಲ’ ಅಂದರು. 452 ಮೀಟರ್ ಎತ್ತರದ ಕಟ್ಟಡ, ವಾದ ಸರಿಯಾಗೇ ಇತ್ತು. ಅದರ ಬುಡದ ಪಾರ್ಕಿನಲ್ಲಿ ಮಕ್ಕಳು ಆಡೋ ನೀರಿನ ಕೊಳ, ರಾತ್ರಿ ಬಣ್ಣದ ಕಾರಂಜಿ, ಎರಡೂ ಪುಕ್ಕಟೆ. ಒಂದು ದಿನ ಬಸ್ಸಲ್ಲಿ ಎರಡು ಗಂಟೆ ದೂರದ ಮಲಾಕ್ಕಾಕ್ಕೆ ಹೋಗಿ ಬಂದೆವು. 1510ರಲ್ಲಿ ಗೋವಾ ಹಿಡಿದ ಪೋರ್ಚುಗೀಸ್ ಅಲ್ಬುಕರ್ಕ್ ಮರುವರ್ಷವೇ ಅಲ್ಲಿಗೆ ಹೋಗಿ ಆ ಬಂದರನ್ನೂ ಹಿಡಿದಿದ್ದ. ಅವನ ಕೋಟೆಯಲ್ಲಿ ಈಗ ಉಳಿದಿರೋದು ಒಂದು ಬಾಗಿಲು. ಅಪ್ಪ ಕೋಟೆಗಿಂತ ಹೆಚ್ಚು ನೋಡಿದ್ದು ದಾರಿಯುದ್ದದ ತಾಳೆಎಣ್ಣೆ ತೋಟ. ಎಕರೆಗೆ ಎಷ್ಟು ಗಿಡ, ಗೊನೆ ಕೆಜಿಗೆ ಎಷ್ಟು ಅಂತ ಡ್ರೈವರ್‌ಗೆ ಕೇಳು ಅಂತ ನನ್ನ ಪ್ರಾಣ ತಿಂದರು.

ಬಾಟು ಗುಹೆಗೆ ಕೆಎಲ್ ಸೆಂಟ್ರಲ್‌ನಿಂದ ಲೋಕಲ್ ಟ್ರೈನ್ ಬೆಟ್ಟದ ಬುಡದವರೆಗೂ ಹೋಗುತ್ತೆ. ಟ್ಯಾಕ್ಸಿ ಬೇಕಿಲ್ಲ. 42.7 ಮೀಟರ್ ಎತ್ತರದ ಬಂಗಾರದ ಬಣ್ಣದ ಮುರುಗನ್, ಪಕ್ಕದಲ್ಲಿ ಬಣ್ಣ ಬಳಿದ 272 ಮೆಟ್ಟಿಲು. ಅಮ್ಮ ಮೆಟ್ಟಿಲು ನೋಡಿದಳು, ಮಂಡಿ ಮುಟ್ಟಿಕೊಂಡಳು. ಮೂರು ಮೆಟ್ಟಿಲು ಹತ್ತಿ ಇಳಿದಳು. ‘ನೀವೆಲ್ಲ ಹೋಗ್ಬನ್ನಿ. ಸ್ವಾಮಿ ಇಲ್ಲೇ ಕಾಣ್ತಾನೆ.’ ಬಿಟ್ಟು ಹೋಗೋಕೆ ಮನಸ್ಸಾಗದೆ ನಾನು ಅವಳ ಜೊತೆ ಉಳಿದೆ. ಅಪ್ಪನೂ ಪುಟ್ಟನೂ ನನ್ನ ಗಂಡನೂ ಹತ್ತಿದರು.

ಹತ್ತು ನಿಮಿಷ ಅಮ್ಮ ಸಪ್ಪಗೆ ಕೂತಿದ್ದಳು. ಆಮೇಲೆ ಎದ್ದು ಹೂವಿನ ಅಂಗಡಿ ಹತ್ತಿರ ಹೋದಳು. ಅಂಗಡಿಯಾಕೆ ಅವಳದೇ ವಯಸ್ಸಿನವರು. ಮಾಲೆ ಎಷ್ಟು ಅಂತ ತಮಿಳಲ್ಲಿ ಕೇಳಿದಳು. ಐದು ರಿಂಗಿಟ್. ಅಮ್ಮ ನನ್ನ ಕಡೆ ತಿರುಗಿ ‘ಎಷ್ಟಾಯ್ತು?’ ಅಂದಳು. ‘ನೂರು ರೂಪಾಯಿ.’ ‘ಅಯ್ಯೋ, ನಮ್ಮ ಹತ್ರ ಕೆಜಿ ಸೇವಂತಿಗೆನ ಮಾರ್ಕೆಟ್ಟಲ್ಲಿ ಒಂದೊಂದ್ಸಲ ಇಪ್ಪತ್ತಕ್ಕೂ ಕೇಳಲ್ವಲ್ಲೇ!’ ಅಲ್ಲಿಂದ ಮಾತು ಶುರುವಾಯಿತು. ಇಲ್ಲಿ ಸೇವಂತಿಗೆ ಬೆಳೆಯೋದು ಕ್ಯಾಮರನ್ ಹೈಲ್ಯಾಂಡ್ಸ್ ಅನ್ನೋ ಬೆಟ್ಟದ ಕಡೆ, ಅಲ್ಲಿ ಯಾವಾಗಲೂ ಥಂಡಿ ಅಂತ ಅವರು ಹೇಳಿದರು. ನುಸಿಗೆ ಏನು ಹೊಡೀತಾರೆ ಅಂತ ಅಮ್ಮ ಕೇಳಿದಳು. ಅವರು ಸ್ಟೂಲ್ ಹಾಕಿ ಕೂರಿಸಿದರು. ಅಮ್ಮ ಕೂತವಳೇ ಬಿಡಿ ಹೂವಿನ ಬುಟ್ಟಿ ಹತ್ತಿರ ಎಳೆದುಕೊಂಡು ಕಟ್ಟೋಕೆ ಶುರು ಮಾಡಿದಳು. ಇಬ್ಬರೂ ಮಾತಾಡುತ್ತಾ ಕಟ್ಟುತ್ತಾ ಇದ್ದರು, ನಾನು ಪಕ್ಕದಲ್ಲಿ ನಿಂತಿದ್ದೆ. ಮುಕ್ಕಾಲು ಗಂಟೆ ಬಿಟ್ಟು ಅಪ್ಪ ಇಳಿದು ಬಂದಾಗ, ಕೋತಿ ಕಿತ್ತುಕೊಂಡ ಚಿಪ್ಸ್ ಪ್ಯಾಕೆಟ್ಟಿಗೆ ಪುಟ್ಟ ಅಳುತ್ತಿದ್ದ. ಅಮ್ಮನ ಜಡೆಯಲ್ಲಿ ಹೂ ಇತ್ತು. ಅದಕ್ಕೆ ಆಕೆ ದುಡ್ಡು ತಗೊಳ್ಳಲಿಲ್ಲ.

‘ಏನು, ಇಲ್ಲೂ ಕೆಲಸಕ್ಕೆ ಸೇರ್ಕೊಂಡ್ಯಾ?’ ಅಂದರು ಅಪ್ಪ.

ಬಂದ ಮೇಲೆ ಲೆಕ್ಕ ಹಾಕಿದೆ. ವಿಮಾನ, ಚೀಲ ಸೇರಿ 1,04,000. ಮನೆ ಬಾಡಿಗೆ ತೆರಿಗೆ ಸಮೇತ 30,000. ಊಟ 15,500, ಓಡಾಟ 14,000, ಅಲ್ಲಿ ಇಲ್ಲಿ ಪ್ರವೇಶ ಟಿಕೆಟ್ 8,500. ಇನ್ಶೂರೆನ್ಸ್ 4,200, ಪಾಸ್‌ಪೋರ್ಟ್ 3,700, ಸಿಮ್ 1,600, ದೇವನಹಳ್ಳಿಗೆ ಹೋಗಿ ಬರೋ ಗಾಡಿ 5,000, ಸಾಮಾನು ತಂದದ್ದು 9,000, ಗಂಡನ ದಕ್ಷಿಣೆ 4,000. ಒಟ್ಟು 1,99,500. ಅಪ್ಪ ಕೊಟ್ಟ 40,000 ಇದರೊಳಗೇ ಇದೆ. ಐದು ಜನಕ್ಕೆ ಭಾಗಿಸಿದರೆ ತಲಾ 39,900. ಅಪ್ಪ ಮನಸ್ಸಲ್ಲೇ ಭಾಗಾಕಾರ ಮಾಡಿ, ‘ಹಂಗಾದ್ರೆ ನಮ್ಮಿಬ್ಬರದ್ದು ಇನ್ನೂ 39,800 ಬಾಕಿ’ ಅಂದರು. ನಾನು ಶೀಟ್ ಮುಚ್ಚಿದೆ.

ಈ ಸಲ ಹೊರಡೋರಿಗೆ ಇದೇ ಲೆಕ್ಕ ಸಾಲದು. 2025ರ ಡಿಸೆಂಬರ್‌ನಲ್ಲಿ ಡಾಲರ್ 90 ರೂಪಾಯಿ ದಾಟಿತು, ರಿಂಗಿಟ್ ಕೂಡ 20ರಿಂದ 22ರ ಮೇಲಕ್ಕೆ ಹೋಯಿತು. ನಾವು ಅಲ್ಲಿ ಖರ್ಚು ಮಾಡಿದ್ದು ಸುಮಾರು 3,850 ರಿಂಗಿಟ್. ಏನೂ ಹೆಚ್ಚು ತಿನ್ನದೆ, ಎಲ್ಲೂ ಹೆಚ್ಚು ಸುತ್ತದೆ, ಬರೀ ರೂಪಾಯಿ ಇಳಿದದ್ದಕ್ಕೇ ಏಳೆಂಟು ಸಾವಿರ ಜಾಸ್ತಿ. ವೀಸಾ ವಿನಾಯಿತಿ ಮಾತ್ರ 2026ರ ಡಿಸೆಂಬರ್ 31ರವರೆಗೆ ಇದೆ.

ಅಮ್ಮನಿಗೆ ಆಗಸ್ಟ್‌ನಲ್ಲಿ ಬಲಗಾಲಿನ ಆಪರೇಷನ್ ಆಯಿತು. ಮೊದಲ ಎರಡು ತಿಂಗಳು ಕಷ್ಟವಿತ್ತು, ಈಗ ತೋಟದವರೆಗೆ ಕೋಲಿಲ್ಲದೆ ಹೋಗುತ್ತಾಳೆ. ಎಡಗಾಲು ಇನ್ನೂ ಬಾಕಿ. ಈ ಸಂಕ್ರಾಂತಿಗೆ ಎಳ್ಳು ಬೀರಿ ಬಂದು ಜಗುಲಿ ಮೇಲೆ ಕೂತು, ನಾನು ಫೋನ್ ನೋಡೋದನ್ನೇ ನೋಡುತ್ತಿದ್ದಳು.

‘ಏನೇ ಅದು, ಆ ಶೀಟಾ? ಮೆಟ್ಟಿಲಿಲ್ಲದ ದೇಶ ಯಾವ್ದಾದ್ರೂ ಐತಾ ನೋಡು.’